ಕೆಲಸ ಹೋದ ಮೇಲೆ ಇಎಸ್‌ಐ ನಿರುದ್ಯೋಗ ಭತ್ಯೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯದ ವರ್ಕ್‌ಶಾಪು, ಬೊಮ್ಮಸಂದ್ರದ ಕಾರ್ಖಾನೆ, ಮದ್ದೂರಿನ ಗಾರ್ಮೆಂಟ್ಸ್, ಹುಬ್ಬಳ್ಳಿಯ ಶೋರೂಮು. ಎಲ್ಲೇ ದುಡಿದಿರಲಿ, ಸಂಬಳದ ಚೀಟಿಯಲ್ಲಿ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಡಿತ ಕಾಣುತ್ತಿತ್ತು ಎಂದಾದರೆ ಈ ಪುಟ ನಿಮಗೆ. ಕೆಲಸ ಕಳೆದುಕೊಂಡವರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಪಿಎಫ್ (ಭವಿಷ್ಯ ನಿಧಿ), ಗ್ರಾಚ್ಯುಟಿ (ಸೇವಾ ಉಪಧನ) ಕುರಿತ ಪ್ರಶ್ನೆಗಳು ಕೊನೆಯ ಭಾಗದಲ್ಲಿವೆ.

ನಮ್ಮ ದೇಶದಲ್ಲಿ ನಿರುದ್ಯೋಗ ಭತ್ಯೆ ನಿಜವಾಗಿಯೂ ಇದೆಯೇ?

ಇದೆ, ಆದರೆ ಎಲ್ಲರಿಗೂ ಇಲ್ಲ. ಇಎಸ್‌ಐ ನಿಗಮ 2018ರ ಜುಲೈ 1ರಿಂದ ‘ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ’ ನಡೆಸುತ್ತಿದೆ. ಕೆಲಸ ಹೋದ ವಿಮಾದಾರರಿಗೆ ಗರಿಷ್ಠ 90 ದಿನಗಳವರೆಗೆ ಹಣ ಕೊಡುವ ಯೋಜನೆ ಇದು. ಮೊದಲು ಸರಾಸರಿ ದಿನಗಳಿಕೆಯ ಶೇ 25ರಷ್ಟು ಕೊಡುತ್ತಿದ್ದರು. ಕೋವಿಡ್ ಬಂದಾಗ, 2020ರ ಮಾರ್ಚ್ 24ರಿಂದ ಅನ್ವಯವಾಗುವಂತೆ, ಶೇ 50ಕ್ಕೆ ಏರಿಸಿ ಷರತ್ತುಗಳನ್ನೂ ಸಡಿಲಿಸಿದರು. ಇದು ಕಾಯಂ ಯೋಜನೆಯಲ್ಲ. ಆಗಾಗ ಅವಧಿ ವಿಸ್ತರಿಸುತ್ತ ಬಂದಿದ್ದಾರೆ. ಹಾಗಾಗಿ ಅರ್ಜಿ ಹಾಕುವ ಮುನ್ನ ನಿಮ್ಮ ಶಾಖಾ ಕಚೇರಿಯಲ್ಲಿ ಅಥವಾ 1800-11-2526 ಎಂಬ ಉಚಿತ ಸಂಖ್ಯೆಯಲ್ಲಿ ಸದ್ಯದ ಅವಧಿ ಯಾವಾಗ ಮುಗಿಯುತ್ತದೆ ಎಂದು ಕೇಳಿಕೊಳ್ಳಿ.

ಇದನ್ನು ಸರ್ಕಾರದ ಔದಾರ್ಯವೆಂದು ತಿಳಿದು ಸಂಕೋಚಪಡುವವರು ಬಹಳ. ಸಂಕೋಚಕ್ಕೆ ಕಾರಣವಿಲ್ಲ. ಪ್ರತಿ ತಿಂಗಳು ನಿಮ್ಮ ಸಂಬಳದಿಂದ ಶೇ 0.75, ಮಾಲೀಕರ ಕಡೆಯಿಂದ ಶೇ 3.25 ಇಎಸ್‌ಐಗೆ ಹೋಗಿದೆ. ನೀವು ಕೇಳುತ್ತಿರುವುದು ವಂತಿಗೆ ಕಟ್ಟಿಸಿಕೊಂಡ ವಿಮೆಯ ಹಣವನ್ನು.

ಯುವನಿಧಿಗೆ ಅರ್ಜಿ ಹಾಕಿದರೆ ಸಾಲದೇ?

ಎರಡೂ ಬೇರೆ ಬೇರೆ. ರಾಜ್ಯ ಸರ್ಕಾರದ ಯುವನಿಧಿ, ಓದು ಮುಗಿಸಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮಾಡಿದವರಿಗೆ 1,500 ರೂಪಾಯಿ ಕೊಡುತ್ತದೆ. ಹೆಚ್ಚೆಂದರೆ ಎರಡು ವರ್ಷ. ಹೊಸದಾಗಿ ಕಾಲೇಜಿನಿಂದ ಹೊರಬಂದವರಿಗಾಗಿ ಮಾಡಿದ ಯೋಜನೆ ಅದು. ಹತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕುಳಿತು ಕೆಲಸ ಕಳೆದುಕೊಂಡವರಿಗೆ ಅದರಲ್ಲಿ ಜಾಗವಿಲ್ಲ. ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿದ ಮಾತ್ರಕ್ಕೂ ಭತ್ಯೆ ಬರುವುದಿಲ್ಲ.

ಅಟಲ್ ಯೋಜನೆಗೆ ಯಾರು ಅರ್ಹರು?

ಕೆಲಸ ಹೋಗುವ ಮುನ್ನ ಕನಿಷ್ಠ ಎರಡು ವರ್ಷ ಇಎಸ್‌ಐ ವ್ಯಾಪ್ತಿಯ ಉದ್ಯೋಗದಲ್ಲಿ ಇದ್ದಿರಬೇಕು. ವಂತಿಗೆಯ ದಿನಗಳ ಷರತ್ತನ್ನು ದಾಟಿರಬೇಕು (ಮುಂದಿನ ಪ್ರಶ್ನೆ ನೋಡಿ). ಆಧಾರ್ ಮತ್ತು ಬ್ಯಾಂಕ್ ಖಾತೆ ನಿಮ್ಮ ಇಎಸ್‌ಐ ವಿವರದೊಂದಿಗೆ ಜೋಡಣೆಯಾಗಿರಬೇಕು. ದುರ್ನಡತೆಯ ಆರೋಪದಲ್ಲಿ ಶಿಸ್ತುಕ್ರಮವಾಗಿ ವಜಾ ಆದವರು, ನಿವೃತ್ತಿ ವಯಸ್ಸು ತಲುಪಿದವರು, ಸ್ವಯಂ ನಿವೃತ್ತಿ ಪಡೆದವರು, ತಾವಾಗಿಯೇ ಕೆಲಸ ಬಿಟ್ಟವರು ಅರ್ಹರಲ್ಲ. ಬೀಗಮುದ್ರೆಯ (ಲಾಕೌಟ್) ಅವಧಿಗೂ ಕಾನೂನುಬಾಹಿರವೆಂದು ಘೋಷಣೆಯಾದ ಮುಷ್ಕರದ ಅವಧಿಗೂ ಹಣ ಸಿಗುವುದಿಲ್ಲ.

ಎರಡು ಕಡೆ ದುಡಿಯುತ್ತಿದ್ದು ಒಂದು ಕಡೆಯ ಕೆಲಸ ಮಾತ್ರ ಹೋಗಿದ್ದರೆ ನಿಮ್ಮನ್ನು ನಿರುದ್ಯೋಗಿ ಎಂದು ಪರಿಗಣಿಸುವುದಿಲ್ಲ.

78 ದಿನ ಅಂದರೆ ಏನು? ಎಲ್ಲರೂ ಅದನ್ನೇ ಹೇಳುತ್ತಾರೆ.

ಇಎಸ್‌ಐ ಲೆಕ್ಕದಲ್ಲಿ ವರ್ಷಕ್ಕೆ ಎರಡು ವಂತಿಗೆ ಅವಧಿಗಳು: ಏಪ್ರಿಲ್ 1ರಿಂದ ಸೆಪ್ಟೆಂಬರ್ 30, ಅಕ್ಟೋಬರ್ 1ರಿಂದ ಮಾರ್ಚ್ 31. ತಿಂಗಳಿಗೆ 26 ದಿನದಂತೆ ಆರು ತಿಂಗಳಿಗೆ 156 ದಿನ. ಅದರ ಅರ್ಧ 78. ಕೆಲಸ ಹೋಗುವುದಕ್ಕೆ ತಕ್ಷಣ ಹಿಂದಿನ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಇರಬೇಕು. ಅದಕ್ಕೂ ಹಿಂದಿನ ಮೂರು ಅವಧಿಗಳ ಪೈಕಿ ಯಾವುದಾದರೂ ಒಂದರಲ್ಲಿ ಮತ್ತೆ 78 ದಿನ ಇರಬೇಕು.

ಒಂದು ಉದಾಹರಣೆ. 2025ರ ಡಿಸೆಂಬರ್ 10ರಂದು ಕೆಲಸ ಹೋಯಿತು ಎಂದುಕೊಳ್ಳಿ. ಮೊದಲು ನೋಡುವುದು 2025ರ ಏಪ್ರಿಲ್–ಸೆಪ್ಟೆಂಬರ್ ಅವಧಿಯನ್ನು. ಆಮೇಲೆ 2023ರ ಅಕ್ಟೋಬರ್‌ನಿಂದ 2025ರ ಮಾರ್ಚ್‌ವರೆಗಿನ ಮೂರು ಅವಧಿಗಳಲ್ಲಿ ಒಂದು ತುಂಬಿದ್ದರೆ ಸಾಕು. ಹೆರಿಗೆಗೋ ಊರಿನ ಕಾರ್ಯಕ್ಕೋ ನಡುವೆ ಕೆಲವು ತಿಂಗಳು ಕೆಲಸಕ್ಕೆ ಹೋಗದವರು ಇದನ್ನು ನೋಡದೆಯೇ ‘ನನಗೆ ಬರುವುದಿಲ್ಲ’ ಎಂದು ಕೈಬಿಡುತ್ತಾರೆ. ಹಾಗೆ ಕೈಬಿಡಬೇಡಿ. ಇಎಸ್‌ಐ ಪೋರ್ಟಲ್‌ನಲ್ಲಿ ನಿಮ್ಮ ಹತ್ತು ಅಂಕಿಯ ವಿಮಾ ಸಂಖ್ಯೆ ಹಾಕಿ ಒಳಹೋದರೆ ಪ್ರತಿ ತಿಂಗಳ ವಂತಿಗೆಯ ವಿವರ ಸಿಗುತ್ತದೆ. ಅದನ್ನು ಮುದ್ರಿಸಿಕೊಂಡು ಪೆನ್ನು ಹಿಡಿದು ಕೂಡಿಸಿ ನೋಡಿ.

‘ರಾಜೀನಾಮೆ ಬರೆದುಕೊಡಿ, ಲೆಕ್ಕ ಚುಕ್ತಾ ಮಾಡುತ್ತೇವೆ’ ಎನ್ನುತ್ತಿದ್ದಾರೆ. ಬರೆದುಕೊಡಲೇ?

ಈ ಪುಟದಲ್ಲಿ ಒಂದೇ ಉತ್ತರ ಓದಲು ಪುರುಸೊತ್ತಿದ್ದರೆ ಇದನ್ನು ಓದಿ.

ನಿಮ್ಮನ್ನು ಕಳುಹಿಸುತ್ತಿರುವುದು ಕಂಪನಿ; ಆದರೆ ಕಾಗದದಲ್ಲಿ ‘ವೈಯಕ್ತಿಕ ಕಾರಣಗಳಿಂದ’ ನೀವೇ ಬಿಟ್ಟಂತೆ ಬರೆಸಿಕೊಂಡರೆ ಕಂಪನಿಗೆ ಬಹಳ ಉಪಕಾರವಾಗುತ್ತದೆ. ನೋಟಿಸ್ ಕೊಡಬೇಕಿಲ್ಲ, ಪರಿಹಾರ ಕೊಡಬೇಕಿಲ್ಲ, ಕಾರ್ಮಿಕ ಇಲಾಖೆಗೆ ಉತ್ತರಿಸಬೇಕಿಲ್ಲ. ನಿಮಗಾಗುವ ನಷ್ಟವೋ ಆ ದಿನ ಕಾಣುವುದಿಲ್ಲ. ಮುಂದಿನ ತಿಂಗಳ ಇಎಸ್‌ಐ ವಿವರ ಸಲ್ಲಿಸುವಾಗ ನಿಮ್ಮ ಹೆಸರಿನ ಮುಂದೆ ಸೊನ್ನೆ ದಿನ ಹಾಕಿ, ಕಾರಣದ ಪಟ್ಟಿಯಿಂದ ಒಂದನ್ನು ಆರಿಸಬೇಕಾಗುತ್ತದೆ. ಆ ಪಟ್ಟಿಯಲ್ಲಿ ‘ರಿಟ್ರೆಂಚ್‌ಮೆಂಟ್’ (ಕಂಪನಿಯೇ ಸಿಬ್ಬಂದಿ ಕಡಿತ ಮಾಡುವುದು) ಇದೆ, ‘ಕೆಲಸವಿಲ್ಲ’ ಎಂಬುದೂ ಇದೆ, ‘ಸೇವೆ ಬಿಟ್ಟಿದ್ದಾರೆ’ ಎಂಬುದೂ ಇದೆ. ರಾಜೀನಾಮೆ ಕೈಯಲ್ಲಿದ್ದರೆ ಕೊನೆಯದನ್ನು ಒತ್ತಿ ಸುಮ್ಮನಾಗುತ್ತಾರೆ. ಆಮೇಲೆ ಶಾಖಾ ಕಚೇರಿಯ ಗುಮಾಸ್ತರ ಮುಂದೆ ನಿಂತು ‘ಬಲವಂತವಾಗಿ ಬರೆಸಿಕೊಂಡರು’ ಎಂದು ಹೇಳಿದರೆ ಅವರು ನಿಮ್ಮ ಮುಖವನ್ನಲ್ಲ, ಕಂಪ್ಯೂಟರ್ ಪರದೆಯನ್ನು ನೋಡುತ್ತಾರೆ. ಅವರನ್ನು ದೂರಿ ಫಲವಿಲ್ಲ. ಅವರ ಮುಂದಿರುವ ದಾಖಲೆ ಅದೊಂದೇ.

ಆದ್ದರಿಂದ ಸಾಧ್ಯವಾದಷ್ಟೂ ಬರೆದುಕೊಡಬೇಡಿ. ‘ನೀವೇ ಪತ್ರ ಕೊಡಿ, ಪಡೆದಿದ್ದಕ್ಕೆ ಸಹಿ ಹಾಕುತ್ತೇನೆ’ ಎನ್ನಿ. ಬರೆಯದೆ ವಿಧಿಯಿಲ್ಲ ಎನ್ನುವ ಸ್ಥಿತಿ ಬಂದರೆ, ಕಾರಣದ ಜಾಗದಲ್ಲಿ ನಿಜ ಬರೆಯಿರಿ: ‘ಆರ್ಡರ್ ಇಲ್ಲದ ಕಾರಣ ಕೆಲಸದಿಂದ ತೆಗೆಯುತ್ತಿರುವುದಾಗಿ ಆಡಳಿತ ವರ್ಗ ತಿಳಿಸಿದ ಮೇರೆಗೆ’. ಆ ಹಾಳೆಯ ಫೋಟೊ ನಿಮ್ಮ ಮೊಬೈಲಿನಲ್ಲಿ ಇರಲಿ. ಮಾನವ ಸಂಪನ್ಮೂಲ ವಿಭಾಗದವರು ವಾಟ್ಸ್‌ಆ್ಯಪ್‌ನಲ್ಲಿ ‘ನಾಳೆಯಿಂದ ಬರುವುದು ಬೇಡ’ ಎಂದು ಕಳುಹಿಸಿದ್ದರೆ ಅಳಿಸಬೇಡಿ. ಕೊನೆಯ ಮೂರು ತಿಂಗಳ ಸಂಬಳದ ಚೀಟಿ, ಗುರುತಿನ ಚೀಟಿ, ನೇಮಕಾತಿ ಪತ್ರದ ನಕಲು ಗೇಟು ದಾಟುವ ಮೊದಲೇ ನಿಮ್ಮ ಬಳಿ ಇರಬೇಕು. ಗೇಟು ದಾಟಿದ ಮೇಲೆ ಕಾವಲುಗಾರ ಕೂಡ ಪರಿಚಯ ಮರೆಯುತ್ತಾನೆ.

ಎಷ್ಟು ಹಣ ಬರುತ್ತದೆ?

ನಾಲ್ಕು ವಂತಿಗೆ ಅವಧಿಗಳಲ್ಲಿ, ಅಂದರೆ ಎರಡು ವರ್ಷದಲ್ಲಿ, ನಿಮಗೆ ಬಂದ ಒಟ್ಟು ಸಂಬಳವನ್ನು 730ರಿಂದ ಭಾಗಿಸುತ್ತಾರೆ. ಬಂದದ್ದು ಸರಾಸರಿ ದಿನಗಳಿಕೆ; ಅದರ ಅರ್ಧ ನಿಮ್ಮ ಭತ್ಯೆ. ತಿಂಗಳಿಗೆ 15,000 ರೂಪಾಯಿಯಂತೆ ಎರಡು ವರ್ಷ ಬಿಡದೆ ದುಡಿದಿದ್ದರೆ ಒಟ್ಟು 3,60,000. ದಿನಕ್ಕೆ ಸುಮಾರು 493 ರೂಪಾಯಿ, ಅದರ ಅರ್ಧ ಸುಮಾರು 246, 90 ದಿನಕ್ಕೆ 22,000 ರೂಪಾಯಿಗೆ ಸ್ವಲ್ಪ ಮೇಲೆ. ಸಂಬಳವಿಲ್ಲದ ರಜೆ ಹಾಕಿದ್ದ ತಿಂಗಳುಗಳಿದ್ದರೂ ಭಾಗಿಸುವುದು 730ರಿಂದಲೇ, ಹಾಗಾಗಿ ಮೊತ್ತ ಇಳಿಯುತ್ತದೆ.

ಮೂರು ತಿಂಗಳ ಮನೆ ಬಾಡಿಗೆಗೂ ಅಂಗಡಿ ಸಾಲಕ್ಕೂ ಆಗಬಹುದು. ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಬೇಡಿ. ಜೀವಮಾನದಲ್ಲಿ ಒಟ್ಟು 90 ದಿನ ಮಾತ್ರ ಎಂಬುದೂ ನೆನಪಿರಲಿ.

ಯಾವಾಗ, ಹೇಗೆ ಅರ್ಜಿ ಹಾಕಬೇಕು?

ಕೆಲಸ ಹೋಗಿ 30 ದಿನ ಕಳೆದ ಮೇಲೆ. ಮುಂದೆ ಬರಲಿರುವ ದಿನಗಳಿಗೆ ಮುಂಗಡವಾಗಿ ಕೇಳಲು ಬರುವುದಿಲ್ಲ, ಕಳೆದುಹೋದ ದಿನಗಳಿಗೆ ಮಾತ್ರ. ಇಎಸ್‌ಐ ಪೋರ್ಟಲ್‌ನಲ್ಲಿ ವಿಮಾದಾರರ ಲಾಗಿನ್ ಮೂಲಕ ಅರ್ಜಿ ತುಂಬಿ, ಆಧಾರ್ ಪ್ರತಿ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಅಥವಾ ರದ್ದು ಮಾಡಿದ ಚೆಕ್ ಸೇರಿಸಬೇಕು. ದಾಖಲೆಗಳನ್ನು ಅಲ್ಲೇ ಏರಿಸಲು ಆಗದಿದ್ದರೆ ಅರ್ಜಿಯನ್ನು ಮುದ್ರಿಸಿ, ಸಹಿ ಮಾಡಿ, ಪ್ರತಿಗಳೊಂದಿಗೆ ನಿಮ್ಮ ಶಾಖಾ ಕಚೇರಿಗೆ ಕೊಡಿ ಅಥವಾ ಅಂಚೆಯಲ್ಲಿ ಕಳುಹಿಸಿ. ಮೊದಲು ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಕೇಳುತ್ತಿದ್ದರು. 2020ರ ನವೆಂಬರ್‌ನಲ್ಲಿ ಆ ಷರತ್ತನ್ನು ಕೈಬಿಟ್ಟಿದ್ದಾರೆ. ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ.

ಶುಲ್ಕ ಒಂದು ರೂಪಾಯಿಯೂ ಇಲ್ಲ. ಸೈಬರ್ ಸೆಂಟರಿನವರು ಟೈಪ್ ಮಾಡಿ ಮುದ್ರಿಸಿದ್ದಕ್ಕೆ ಕೂಲಿ ತೆಗೆದುಕೊಳ್ಳಲಿ, ತಪ್ಪಲ್ಲ. ಆದರೆ ‘ಬಂದ ಹಣದಲ್ಲಿ ಇಷ್ಟು ಪಾಲು ಕೊಡಿ’ ಎನ್ನುವ ಏಜೆಂಟರನ್ನು ದೂರವಿಡಿ. ನಿಮ್ಮ ಒಟಿಪಿ ಅವರ ಕೈಗೆ ಸೇರಿದ ಮೇಲೆ ಇಎಸ್‌ಐ ಮಾತ್ರವಲ್ಲ, ಪಿಎಫ್ ಖಾತೆಯ ಬಾಗಿಲೂ ತೆರೆದಂತೆಯೇ.

ಹಳೆಯ ಕಂಪನಿ ಸಹಿ ಹಾಕಲು ಒಪ್ಪದಿದ್ದರೆ?

ಅವರ ಸಹಿ ಬೇಕಿಲ್ಲ. 2020ರ ಬದಲಾವಣೆಯ ನಂತರ ಅರ್ಜಿ ಕಂಪನಿಯ ಮೂಲಕ ಹೋಗಬೇಕಿಲ್ಲ, ವಿಮಾದಾರರೇ ನೇರವಾಗಿ ಶಾಖಾ ಕಚೇರಿಗೆ ಸಲ್ಲಿಸಬಹುದು. ಪರಿಶೀಲನೆಗಾಗಿ ಕಚೇರಿಯೇ ಕಂಪನಿಯನ್ನು ಕೇಳುತ್ತದೆ.

ಸಂಬಳದಲ್ಲಿ ಇಎಸ್‌ಐ ಹಿಡಿದಿದ್ದಾರೆ, ಪೋರ್ಟಲ್‌ನಲ್ಲಿ ಆ ತಿಂಗಳುಗಳೇ ಕಾಣುತ್ತಿಲ್ಲ.

ಗುತ್ತಿಗೆದಾರರ ಮೂಲಕ ದುಡಿದವರಿಗೆ ಇದು ಪದೇ ಪದೇ ಆಗುವ ಮೋಸ. ಮೊದಲು ನಿಮ್ಮ ಹೆಸರಿನಲ್ಲಿ ಎರಡು ವಿಮಾ ಸಂಖ್ಯೆಗಳಿವೆಯೇ ನೋಡಿ. ಗುತ್ತಿಗೆದಾರ ಬದಲಾದಾಗ ಹಳೆಯ ಸಂಖ್ಯೆ ಕೇಳದೆ ಹೊಸದನ್ನು ಮಾಡಿಸಿರುತ್ತಾರೆ. ನಿಮ್ಮ ಎರಡು ವರ್ಷದ ಸೇವೆ ಎರಡು ತುಂಡಾಗಿ ಕುಳಿತಿರುತ್ತದೆ. ವಿಮಾ ಸಂಖ್ಯೆ ಒಬ್ಬರಿಗೆ ಒಂದೇ ಇರಬೇಕು. ಎರಡನ್ನೂ ಸೇರಿಸಿಕೊಡುವಂತೆ ಶಾಖಾ ಕಚೇರಿಗೆ ಬರೆದು ಕೊಡಿ.

ಹಣವನ್ನೇ ಕಟ್ಟಿಲ್ಲವಾದರೆ, ಕಡಿತ ತೋರಿಸುವ ಸಂಬಳದ ಚೀಟಿಗಳ ಸಮೇತ ಇಎಸ್‌ಐ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಡಿ. ಬೆಂಗಳೂರಿನಲ್ಲಿ ಅದು ಬಿನ್ನಿಪೇಟೆಯಲ್ಲಿದೆ. ಕಾರ್ಮಿಕರಿಂದ ಹಿಡಿದ ವಂತಿಗೆಯನ್ನು ಕಟ್ಟದಿರುವುದು ಶಿಕ್ಷಾರ್ಹ ಅಪರಾಧ. ದೂರು ಕೊಟ್ಟ ದಿನಾಂಕದ ಮುದ್ರೆ ಒತ್ತಿದ ನಕಲು ನಿಮ್ಮ ಬಳಿ ಇರಲಿ. ಬಾಯಿಮಾತಿನ ದೂರಿಗೆ ಬೆಲೆಯಿಲ್ಲ.

ಆಧಾರ್‌ನಲ್ಲಿ ಒಂದು ಹೆಸರು, ಇಎಸ್‌ಐನಲ್ಲಿ ಇನ್ನೊಂದು. ಏನು ಮಾಡಲಿ?

ನಮ್ಮಲ್ಲಿ ಇದು ಆಗದಿದ್ದರೇ ಆಶ್ಚರ್ಯ. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ಮದುವೆಗೆ ಮುಂಚೆ ಸೇರಿದವರಿಗೆ ಇಎಸ್‌ಐನಲ್ಲಿ ತಂದೆಯ ಹೆಸರು, ಆಧಾರ್‌ನಲ್ಲಿ ಗಂಡನ ಹೆಸರು. ಶಾಲೆಯ ದಾಖಲೆಯಲ್ಲಿ ಜೂನ್ 1 ಎಂದು ಬರೆಸಿದ ಹುಟ್ಟಿದ ದಿನ, ಆಧಾರ್‌ನಲ್ಲಿ ಜನವರಿ 1. ತಿದ್ದುಪಡಿ ಕೋರಿಕೆಯನ್ನು ಕಂಪನಿಯ ಮೂಲಕ ಸಲ್ಲಿಸುವುದು ಸುಲಭ, ಆದ್ದರಿಂದ ಕೆಲಸದಲ್ಲಿ ಇರುವಾಗಲೇ ಮಾಡಿಸಿಕೊಳ್ಳುವುದು ಜಾಣತನ. ಕೆಲಸ ಹೋದ ಮೇಲೆ ತಿಳಿದುಬಂದರೆ ಆಧಾರ್ ಪ್ರತಿ ಹಿಡಿದು ಶಾಖಾ ಕಚೇರಿಗೆ ಹೋಗಿ. ಪಿಎಫ್ ದಾಖಲೆಯನ್ನೂ ಇದೇ ಸಮಯಕ್ಕೆ ನೋಡಿಬಿಡಿ; ಒಂದರಲ್ಲಿ ತಪ್ಪಿದ್ದರೆ ಇನ್ನೊಂದರಲ್ಲೂ ಇರುವುದೇ ಹೆಚ್ಚು.

ಕಾರ್ಖಾನೆಯೇ ಮುಚ್ಚಿತು. ಆಗಲೂ 90 ದಿನವಷ್ಟೇ?

ಅಲ್ಲ, ನಿಮಗೆ ಇದಕ್ಕಿಂತ ದೊಡ್ಡ ಯೋಜನೆ ಇದೆ. ಹೆಚ್ಚಿನವರಿಗೆ ಅದರ ಹೆಸರೇ ಗೊತ್ತಿಲ್ಲ ಎಂಬುದು ಬೇಸರದ ಸಂಗತಿ. 2005ರ ಏಪ್ರಿಲ್ 1ರಿಂದ ಇರುವ ‘ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ’ಯಲ್ಲಿ, ಕಾರ್ಖಾನೆ ಮುಚ್ಚಿದ್ದರಿಂದ ಅಥವಾ ಕಾನೂನುಬದ್ಧ ರಿಟ್ರೆಂಚ್‌ಮೆಂಟ್‌ನಿಂದ ಕೆಲಸ ಹೋದವರಿಗೆ ಒಟ್ಟು 24 ತಿಂಗಳವರೆಗೆ ಭತ್ಯೆ ಸಿಗುತ್ತದೆ: ಮೊದಲ 12 ತಿಂಗಳು ಸರಾಸರಿ ದಿನಗೂಲಿಯ ಶೇ 50, ನಂತರದ 12 ತಿಂಗಳು ಶೇ 25. ಕೆಲಸಕ್ಕೆ ಸಂಬಂಧಿಸದ ಅಪಘಾತದಲ್ಲಿ ಶೇ 40ಕ್ಕಿಂತ ಕಡಿಮೆಯಿಲ್ಲದ ಶಾಶ್ವತ ಅಂಗವೈಕಲ್ಯ ಆದವರಿಗೂ ಇದು ಅನ್ವಯಿಸುತ್ತದೆ. ಎರಡು ವರ್ಷದ ವಂತಿಗೆ ಇರಬೇಕು. ಭತ್ಯೆ ಪಡೆಯುವಷ್ಟು ಕಾಲ ನಿಮಗೂ ಕುಟುಂಬಕ್ಕೂ ಇಎಸ್‌ಐ ಚಿಕಿತ್ಸೆ ಮುಂದುವರಿಯುತ್ತದೆ.

ಹಾಗಾಗಿ ರಿಟ್ರೆಂಚ್‌ಮೆಂಟ್ ಪತ್ರ ಕೈಯಲ್ಲಿದ್ದವರು ಮೊದಲು ಕೇಳಬೇಕಾದದ್ದು ಈ ಯೋಜನೆಯನ್ನು, ಅಟಲ್ ಯೋಜನೆಯನ್ನಲ್ಲ. ಮೇಲೆ ರಾಜೀನಾಮೆಯ ಬಗ್ಗೆ ಅಷ್ಟು ಒತ್ತಿ ಹೇಳಿದ್ದೂ ಇದಕ್ಕೇ. ‘ವೈಯಕ್ತಿಕ ಕಾರಣ’ ಎಂಬ ಎರಡು ಪದ 24 ತಿಂಗಳ ಭತ್ಯೆಯನ್ನು ನುಂಗಿಹಾಕಬಲ್ಲದು.

ಕೆಲಸ ಹೋದ ದಿನವೇ ಇಎಸ್‌ಐ ಆಸ್ಪತ್ರೆಯ ಸೌಲಭ್ಯವೂ ಹೋಗುತ್ತದೆಯೇ?

ಇಲ್ಲ. ಏಪ್ರಿಲ್–ಸೆಪ್ಟೆಂಬರ್ ಅವಧಿಯ ವಂತಿಗೆಗೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ. ಅಕ್ಟೋಬರ್–ಮಾರ್ಚ್ ಅವಧಿಯದಕ್ಕೆ ಜುಲೈಯಿಂದ ಡಿಸೆಂಬರ್‌ವರೆಗೆ. ಸೆಪ್ಟೆಂಬರ್ ಕೊನೆಯಲ್ಲಿ ಕೆಲಸ ಕಳೆದುಕೊಂಡವರು, ವಂತಿಗೆಯ ದಿನಗಳು ತುಂಬಿದ್ದರೆ, ಮುಂದಿನ ಜೂನ್‌ವರೆಗೂ ರಾಜಾಜಿನಗರದ ಆಸ್ಪತ್ರೆಗೋ ತಮ್ಮ ಡಿಸ್ಪೆನ್ಸರಿಗೋ ಹೋಗಬಹುದು. ಸಕ್ಕರೆ ಕಾಯಿಲೆಯ ಮಾತ್ರೆ, ಮಗುವಿನ ಚಿಕಿತ್ಸೆ, ಗೊತ್ತುಮಾಡಿದ್ದ ಶಸ್ತ್ರಚಿಕಿತ್ಸೆ ಯಾವುದನ್ನೂ ಕೆಲಸ ಹೋಯಿತೆಂದು ನಿಲ್ಲಿಸಬೇಡಿ.

ನಾನು ಗರ್ಭಿಣಿ. ಯಾವುದನ್ನು ಕೇಳಲಿ?

ಹೆರಿಗೆ ಸೌಲಭ್ಯವನ್ನು. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನಗಳ ವಂತಿಗೆ ಇದ್ದರೆ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳವರೆಗೆ ಪೂರ್ಣ ದರದಲ್ಲಿ ಹಣ ಸಿಗುತ್ತದೆ. ಒಂದೇ ಅವಧಿಗೆ ಎರಡು ನಗದು ಸೌಲಭ್ಯ ಕೊಡುವುದಿಲ್ಲ. ಅರ್ಧ ದರದ ಭತ್ಯೆಗಿಂತ ಇದು ಎಷ್ಟೋ ಮೇಲು.

ಪಿಎಫ್ ಹಣ ತೆಗೆಯಬಹುದೇ?

ತೆಗೆಯಬಹುದು, ಆದರೆ ನಿಯಮ ಬದಲಾವಣೆಯ ಹಾದಿಯಲ್ಲಿದೆ. 2018ರ ಡಿಸೆಂಬರ್‌ನಿಂದ ಇದ್ದ ಕ್ರಮದಲ್ಲಿ ಒಂದು ತಿಂಗಳ ನಿರುದ್ಯೋಗದ ನಂತರ ಶೇ 75, ಎರಡು ತಿಂಗಳಾದ ಮೇಲೆ ಉಳಿದದ್ದು. 2025ರ ಅಕ್ಟೋಬರ್‌ನಲ್ಲಿ ಭವಿಷ್ಯ ನಿಧಿಯ ಕೇಂದ್ರೀಯ ಮಂಡಳಿ, ಶೇ 75ನ್ನು ಕೂಡಲೇ ಕೊಟ್ಟು ಉಳಿದ ಭಾಗಕ್ಕೆ 12 ತಿಂಗಳು, ಪಿಂಚಣಿ ಭಾಗದ ಹಣಕ್ಕೆ 36 ತಿಂಗಳು ಕಾಯಬೇಕೆಂದು ತೀರ್ಮಾನಿಸಿತು. ಅರ್ಜಿ ಹಾಕುವ ದಿನ ಪಿಎಫ್ ಪೋರ್ಟಲ್ ನಿಮಗೆ ಯಾವ ಆಯ್ಕೆ ತೋರಿಸುತ್ತದೆಯೋ ಅದರಂತೆ ನಡೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ತಿರುಗುವ ಹಳೆಯ ವಿಡಿಯೊ ನಂಬಬೇಡಿ.

ಪಿಎಫ್ ವಿಷಯ ನಮ್ಮ ಕಾರ್ಮಿಕರಿಗೆ ಎಷ್ಟು ಸೂಕ್ಷ್ಮವೆಂಬುದನ್ನು ಬೆಂಗಳೂರು ಕಂಡಿದೆ. 2016ರ ಏಪ್ರಿಲ್‌ನಲ್ಲಿ, ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯಲಾಗದು ಎಂಬ ನಿಯಮದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ಆದೇಶ ವಾಪಸ್ ಪಡೆಯಿತು.

ಕಂಪನಿ ‘ಕೆಲಸ ಬಿಟ್ಟ ದಿನಾಂಕ’ ನಮೂದಿಸದಿದ್ದರೆ ಅರ್ಜಿ ಮುಂದೆ ಹೋಗದು. ಅದಕ್ಕಾಗಿ ಕಂಪನಿಯ ಬಾಗಿಲು ಕಾಯಬೇಕಿಲ್ಲ: ಕೊನೆಯ ವಂತಿಗೆ ಜಮೆಯಾಗಿ ಎರಡು ತಿಂಗಳಾದ ಮೇಲೆ ಆಧಾರ್ ಒಟಿಪಿ ಬಳಸಿ ನೀವೇ ಪೋರ್ಟಲ್‌ನಲ್ಲಿ ಆ ದಿನಾಂಕ ತುಂಬಬಹುದು. ಒಮ್ಮೆ ತುಂಬಿದರೆ ಬದಲಿಸುವುದು ಕಷ್ಟ, ಎಚ್ಚರ.

ನನ್ನ ಸಲಹೆ ಕೇಳಿದರೆ, ಬೇಕಾದಷ್ಟೇ ತೆಗೆಯಿರಿ, ಪಿಂಚಣಿ ಭಾಗವನ್ನು ಮುಟ್ಟಬೇಡಿ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಏಳನೇ ವರ್ಷದಲ್ಲಿ ಆ ಹಣ ತೆಗೆದವರ ಲೆಕ್ಕ ಮುಂದಿನ ಕೆಲಸದಲ್ಲಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಅದರ ಬದಲು ಸೇವಾವಧಿಯನ್ನು ಉಳಿಸುವ ಸ್ಕೀಮ್ ಸರ್ಟಿಫಿಕೇಟ್ ಪಡೆಯಬಹುದು. ಒಟ್ಟು ಸೇವೆ ಐದು ವರ್ಷಕ್ಕಿಂತ ಕಡಿಮೆಯಿದ್ದು ಮೊತ್ತ 50,000 ರೂಪಾಯಿ ಮುಟ್ಟಿದರೆ ಶೇ 10ರಷ್ಟು ತೆರಿಗೆ ಹಿಡಿಯುತ್ತಾರೆ. ಪ್ಯಾನ್ ಜೋಡಿಸಿರದಿದ್ದರೆ ಇನ್ನೂ ಹೆಚ್ಚು.

ನನ್ನ ಸಂಬಳ 40,000 ಇತ್ತು. ನನಗೆ ಏನಿದೆ?

ಇಎಸ್‌ಐ ಮಿತಿ ತಿಂಗಳಿಗೆ 21,000 ರೂಪಾಯಿ (ಅಂಗವಿಕಲರಿಗೆ 25,000). ಅದಕ್ಕಿಂತ ಮೇಲಿನವರಿಗೆ ನಿರುದ್ಯೋಗ ಭತ್ಯೆ ಎಂಬುದಿಲ್ಲ. 2017ರ ಜನವರಿಯಿಂದ ಮಿತಿ ಅಲ್ಲೇ ನಿಂತಿದೆ. ಸಂಬಳ ಒಂದಿಷ್ಟು ಏರಿದ ಮಾತ್ರಕ್ಕೆ ಎಷ್ಟೋ ಜನ ರಕ್ಷಣೆಯಿಂದ ಹೊರಬಿದ್ದಿದ್ದಾರೆ. ನಿಮಗಿರುವುದು ಪಿಎಫ್, ಗ್ರಾಚ್ಯುಟಿ, ನೋಟಿಸ್ ಅವಧಿಯ ಸಂಬಳ.

ಕಂಪನಿಯಿಂದ ಏನೇನು ಬರಬೇಕು?

ಬಾಕಿ ಸಂಬಳವನ್ನು, ಕೆಲಸದಿಂದ ತೆಗೆದ ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆ ಹೇಳುತ್ತದೆ. ‘ಫುಲ್ ಅಂಡ್ ಫೈನಲ್’ ಆಗಲು 45 ದಿನ ಬೇಕು ಎಂಬ ಹಳೆಯ ರಾಗಕ್ಕೆ ಸಂಬಳದ ಮಟ್ಟಿಗೆ ಆಧಾರವಿಲ್ಲ. ಒಂದು ವರ್ಷ ಸತತ ಸೇವೆ ಮಾಡಿದ ಕಾರ್ಮಿಕರನ್ನು ರಿಟ್ರೆಂಚ್ ಮಾಡುವಾಗ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ವೇತನ ಕೊಡಬೇಕು. ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಂತೆ, ಇದಲ್ಲದೆ ಮರುಕೌಶಲ ನಿಧಿಯ ಹೆಸರಿನಲ್ಲಿ ಮಾಲೀಕರು 15 ದಿನದ ವೇತನ ಕಟ್ಟಬೇಕು. ಅದು 45 ದಿನಗಳೊಳಗೆ ನಿಮ್ಮ ಖಾತೆಗೆ ಬರಬೇಕು.

ಐದು ವರ್ಷ ತುಂಬಿದ್ದರೆ ಗ್ರಾಚ್ಯುಟಿ: ಕೊನೆಯ ಮಾಸಿಕ ವೇತನವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಿ. ವೇತನ 15,000, ಸೇವೆ ಆರು ವರ್ಷವಾದರೆ ಸುಮಾರು 51,900 ರೂಪಾಯಿ. ನಿಗದಿತ ಅವಧಿಯ ಒಪ್ಪಂದದ ಮೇಲೆ ದುಡಿದವರಿಗೆ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಒಂದು ವರ್ಷ ಸಾಕು. ಕೊಡದಿದ್ದರೆ ನಿಮ್ಮ ವ್ಯಾಪ್ತಿಯ ಕಾರ್ಮಿಕ ಅಧಿಕಾರಿಗೆ ಅರ್ಜಿ ಕೊಡಿ. ಬೆಂಗಳೂರಿನವರಿಗೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ.

ಭತ್ಯೆ ಪಡೆಯುತ್ತಿರುವಾಗಲೇ ಹೊಸ ಕೆಲಸ ಸಿಕ್ಕಿದರೆ?

ಕೆಲಸ ಸಿಕ್ಕ ದಿನದವರೆಗಿನ ಭತ್ಯೆ ನಿಮ್ಮದು. ಆ ನಂತರದ ದಿನಗಳಿಗೆ ಕೇಳಬೇಡಿ. ಹೊಸ ಕಂಪನಿ ನಿಮ್ಮ ಹೆಸರಿನಲ್ಲಿ ವಂತಿಗೆ ಕಟ್ಟಿದ ಕೂಡಲೇ ಅದೇ ವಿಮಾ ಸಂಖ್ಯೆಯಲ್ಲಿ ಕಾಣಿಸುತ್ತದೆ, ಮತ್ತು ಸುಳ್ಳು ಹೇಳಿಕೆಗೆ ಶಿಕ್ಷೆಯಿದೆ.

ಅರ್ಜಿ ತಿರಸ್ಕಾರವಾಯಿತು. ಮುಂದೇನು?

ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಆಧಾರ್ ಜೋಡಣೆ, ಖಾತೆ ಸಂಖ್ಯೆ, ಹೆಸರಿನ ತಪ್ಪು ಇದ್ದರೆ ಸರಿಪಡಿಸಿ ಮತ್ತೆ ಸಲ್ಲಿಸಿ. ಕಂಪನಿ ತಪ್ಪು ಕಾರಣ ನಮೂದಿಸಿದ್ದರೆ, ನಿಮ್ಮಲ್ಲಿರುವ ಪತ್ರ, ಸಂದೇಶಗಳ ಪ್ರತಿ ಲಗತ್ತಿಸಿ ಶಾಖಾ ವ್ಯವಸ್ಥಾಪಕರಿಗೂ ಪ್ರಾದೇಶಿಕ ಕಚೇರಿಗೂ ಒಟ್ಟಿಗೆ ಬರೆಯಿರಿ. ಅಲ್ಲಿ ಉತ್ತರ ಬಾರದಿದ್ದರೆ ಕೇಂದ್ರ ಸರ್ಕಾರದ ಸಾರ್ವಜನಿಕ ಕುಂದುಕೊರತೆ ಪೋರ್ಟಲ್‌ನಲ್ಲಿ ಕಾರ್ಮಿಕ ಸಚಿವಾಲಯವನ್ನು ಆರಿಸಿ ದೂರು ದಾಖಲಿಸಬಹುದು, ಅದಕ್ಕೂ ಶುಲ್ಕವಿಲ್ಲ. ಒಬ್ಬರೇ ಅಲೆಯುವುದಕ್ಕಿಂತ ಒಂದೇ ಕಂಪನಿಯಿಂದ ಹೊರಬಂದ ನಾಲ್ಕಾರು ಮಂದಿ ಒಟ್ಟಿಗೆ ಹೋಗಿ. ಒಂದೇ ದಿನ ಒಂದೇ ಕಾರಣಕ್ಕೆ ಇಷ್ಟು ಜನ ‘ತಾವಾಗಿಯೇ’ ಕೆಲಸ ಬಿಟ್ಟರೆಂದರೆ ಕಚೇರಿಯವರಿಗೂ ಅನುಮಾನ ಬರುತ್ತದೆ.